ಸುಣ್ಣದ ಗೆರೆ

ಮಂಡಕ್ಕಿ ಭಟ್ಟಿಗಳ ಹಿಂದೆ, ಹಳ್ಳದ ಕಡೆ ಕಾಲು ಚಾಚಿ
ಮಲಗಿತ್ತು ನಮ್ಮ ಬಯಲು. ಮಲಗಿತ್ತು ಅಂದರೆ, ವಾಲಿಕೊಂಡು:
ಮೂಡಣ ಗೋಲು ಎತ್ತರ, ಪಡುವಣದ್ದು ಒಂದು ಮೊಳ ತಗ್ಗು.
ಟಾಸು ಗೆದ್ದವರು ನೋಡುತ್ತಿದ್ದುದು ಗಾಳಿಯನ್ನಲ್ಲ,
ಇಳಿಜಾರನ್ನು.

ಚೆಂಡಿಗೂ ಅದು ಗೊತ್ತಿತ್ತು. ಯಾರೂ ಒದೆಯದಿದ್ದಾಗಲೂ
ಒಂದಿಷ್ಟು ಯೋಚಿಸಿ, ಆಮೇಲೆ
ಪಡುವಣಕ್ಕೇ ಹೊರಡುತ್ತಿತ್ತು.

ಸಂಘದ ಹೆಸರು ದೊಡ್ಡದು: ನೂಲಿನ ಗಿರಣಿ ಕಾರ್ಮಿಕರ
ಕಾಲ್ಚೆಂಡು ಮತ್ತು ವ್ಯಾಯಾಮ ಸಂಘ, ಸ್ಥಾಪನೆ ಐವತ್ತೇಳು.
ವ್ಯಾಯಾಮ ಯಾರೂ ಮಾಡಿದ್ದಿಲ್ಲ.
ಊರು ಕರೆದದ್ದು ಹತ್ತಿ ಟೀಮು.
ಹರಿಹರದವರು ಕೂಗುತ್ತಿದ್ದರು, ‘ಹತ್ತಿ ಬಂತು, ಊದ್ರಲೇ!’
ಮೊದಲ ಪಾಳಿ ಮುಗಿಸಿ, ಹುಬ್ಬಿನ ಧೂಳು ಹಾಗೇ ಇಟ್ಟುಕೊಂಡು
ಓಡಿ ಬರುವ ಹನ್ನೊಂದು ಮಂದಿ,
ಇಪ್ಪತ್ತಕ್ಕೇ ನರೆತವರ ಹಾಗೆ.

ರೋವಿಂಗ್ ಖಾತೆಯ ದಾದಾಪೀರ್ ಎಡಗಾಲು,
ಬಾಯ್ಲರಿನ ಓಬಳೇಶಿ ಬಲಗಾಲು,
ಗೋಲಿಗೆ, ಗಿರಣಿ ಗೇಟು ಕಾಯುವ ಇನಾಸಪ್ಪ.
‘ಅದೇ ಕೆಲಸ, ಸಂಬಳ ಮಾತ್ರ ಇಲ್ಲ’ ಎನ್ನುತ್ತಿದ್ದ.

ಅಂಗಿಗೆ ಗಿರಣಿ ಕೊಟ್ಟದ್ದು ದೋಷದ ಬಟ್ಟೆ,
ನೀಲಿ ಅದ್ದಿದವರು ನಾವೇ, ಹಂಡೆಯಲ್ಲಿ.
ಎಪ್ಪತ್ತೊಂದರ ಫೈನಲ್ಲಿಗೆ ಮಳೆ ಹೊಡೆದು
ಬಣ್ಣ ಎದೆಗಿಳಿಯಿತು, ಬೆನ್ನಿಗಿಳಿಯಿತು,
ನಾಲ್ಕು–ಒಂದು ಸೋತೆವು.
ಒಂದು ವಾರ ಬಚ್ಚಲುಗಳಲ್ಲಿ ಹರಿಯಿತು ಆ ಸೋಲು.
ಓಬಳೇಶಿಯ ಹೊಸ ಹೆಂಡತಿ ದಿಂಬು ತೋರಿಸಿ
ಅತ್ತೆಯನ್ನು ಕೇಳಿದಳಂತೆ:
‘ಇವರು ಯಾವ ದೇವರು?’

ನಾನು ಆಡಿದವನಲ್ಲ. ಒಂದು ಕಾಲು ಸಣ್ಣದು,
ಎರಡನೇ ವಯಸ್ಸಿನ ಜ್ವರ.
ನನ್ನ ಕೈಗೆ ಸುಣ್ಣ ಕೊಟ್ಟರು.
ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಾಲ್ಡಾ ಡಬ್ಬಿ,
ಗೂಟದಿಂದ ಗೂಟಕ್ಕೆ ಗಿರಣಿಯ ನೂಲು,
ನೂಲಿನ ಗುಂಟ ನಾನು.
‘ಕುಂಟೋನ ಗೆರೆ ಇಷ್ಟು ನೆಟ್ಟಗೆ ಹೆಂಗಲೇ?’
ರೆಫರಿ ಸಿದ್ಧವೀರಪ್ಪ ಮೇಷ್ಟ್ರು ಕೇಳಿದ್ದರು.
ನೂಲು ಕುಂಟಲ್ಲ ಸಾರ್, ಎಂದಿದ್ದೆ.
ಮೂವತ್ತಾರು ವರ್ಷ, ಭಾನುವಾರಕ್ಕೊಂದು ಸಲ,
ಅದೇ ಗೆರೆಯ ಮೇಲೆ ಅದೇ ಗೆರೆ.

ಗಿರಣಿ ನಿಂತ ದಿನ ಸೈರನ್ನು ಕೂಗಲಿಲ್ಲ.
ಕೂಗದೇ ಇದ್ದದ್ದು ಊರಿಗೆಲ್ಲ ಕೇಳಿಸಿತು.
ದಾದಾಪೀರ್ ಆಟೋ ಹಿಡಿದ,
ಇನಾಸಪ್ಪ ಕಾಯುವುದಕ್ಕೆ ಇನ್ನೊಂದು ಗೇಟು ಹುಡುಕಿದ.
ಭಾನುವಾರ ಬಂದರು. ಏಳು ಜನ, ಒಮ್ಮೆ ಐದು.
ನಾನು ಹನ್ನೊಂದಕ್ಕೇ ಗೆರೆ ಹಾಕಿದೆ.

ಆಮೇಲೆ ನೋಟೀಸು: ಬಯಲು ಯಾರದು?
ನಮ್ಮ ಹತ್ತಿರ ಇದ್ದದ್ದು ಗೆದ್ದಲು ತಿಂದುಳಿದ ನಡಾವಳಿ ಪುಸ್ತಕ
(ಹೊಸ ಬ್ಲಾಡರು ಹದಿನಾಲ್ಕು ರೂಪಾಯಿ, ನಿಂಬೆಹಣ್ಣು ಎಂಟಾಣೆ)
ಮತ್ತು ಕಿವಿ ಮುರಿದ ಒಂದು ಕಪ್ಪು.
ಸರ್ವೆಯವರು ಸರಪಳಿ ಎಳೆದು, ಬೆವರೊರೆಸಿ,
ನೀವಿಲ್ಲಿ ಇದ್ದದ್ದಕ್ಕೆ ಗುರುತೇನು ಎಂದರು.
ನಾನು ಸಲಿಕೆ ತಂದೆ.
ಪಡುವಣ ಗೋಲಿನ ಬುಡದಲ್ಲಿ ಒಂದು ಗೇಣು ಅಗೆದೆ.

ಕರಿಮಣ್ಣಿನ ಹೊಟ್ಟೆಯೊಳಗೆ ಬಿಳಿಯ ಪದರ,
ಬೆರಳಗಲ, ಹಲ್ಲಿನಷ್ಟು ಗಟ್ಟಿ,
ಸಲಿಕೆ ಹೋದಷ್ಟು ದೂರವೂ ನೆಟ್ಟಗೆ.
ಸರ್ವೆಯವರು ಕುಕ್ಕರಗಾಲಲ್ಲಿ ಕೂತು, ಮುಟ್ಟಿ, ಮೂಸಿ,
ಬರೆದುಕೊಂಡರು:
‘ಅಲ್ಲಲ್ಲಿ ಸುಣ್ಣದ ಅಂಶ. ಬೇಸಾಯಕ್ಕೆ ಬಾರದು.’

ಬೇಸಾಯಕ್ಕೆ ಬಾರದ್ದು ಕಟ್ಟಡಕ್ಕೆ ಬರುತ್ತದೆ.
ಎತ್ತರದ ಅರ್ಧ ಕಲ್ಯಾಣ ಮಂಟಪವಾಯಿತು.
ತಗ್ಗಿನದು ಯಾರಿಗೂ ಬೇಡ, ನೀರು ನಿಲ್ಲುತ್ತದೆ.
ಉಳಿಯಿತು.

ಹಳೆಯ ನಡುಗೆರೆಯ ಮೇಲೀಗ ಕಾಂಪೌಂಡು,
ಕಾಂಪೌಂಡಿನ ಮೇಲೆ ಇದ್ದಿಲಲ್ಲಿ ಬರೆದ ಗೋಲು.
ಭಟ್ಟಿಯ ಹುಡುಗರು ಹೊಗೆಗೆ ಕೆಮ್ಮುತ್ತ ಆರಾರು ಜನ,
ಅವರ ನಡುವೆ ದಾದಾಪೀರನ ಮೊಮ್ಮಗಳು. ಎಡಗಾಲು.
ಚೆಂಡು ಈಗಲೂ ಒಂದಿಷ್ಟು ಯೋಚಿಸುತ್ತದೆ.

‘ಗೆರೆ ಯಾಕಜ್ಜ, ಹೊರಗೆ ಹೋದ್ರೆ ನಮಗೆ ಗೊತ್ತಾಗಲ್ವಾ?’
ಗೊತ್ತಾಗುತ್ತದೆ.
ನೂಲು ಎಲ್ಲಿಯದು ಈಗ, ಪ್ಲಾಸ್ಟಿಕ್ ಹಗ್ಗ,
ಬಿಸಿಲೇರಿದರೆ ಸಡಿಲ. ಗೆರೆ
ಸ್ವಲ್ಪ ಕುಂಟುತ್ತದೆ.
ಹಾಕುತ್ತೇನೆ.